ಮುಂದೆ ನಡೆಯುವ ಮಹಾದೇವ

ಐದು ದಿನ ಬಾಯಿ ಬಿಡದೆ ಇರುವುದಕ್ಕಾಗಿ ಜನ ಹುಬ್ಬಳ್ಳಿಯಿಂದ, ಮಂಗಳೂರಿನಿಂದ ಬ್ಯಾಗು ಹೊತ್ತು ಬರುತ್ತಾರೆ ಎಂಬುದನ್ನು ಮಹಾದೇವ ಮೊದಲ ವರ್ಷ ನಂಬಿರಲಿಲ್ಲ. ಮಿರ್ಜಾನದಲ್ಲಿರುವ ಅವನ ಅತ್ತಿಗೆ ಗಾಯತ್ರಿ ಈಗಲೂ ನಂಬುವುದಿಲ್ಲ.

“ಸುಮ್ನೆ ಕೂರೂಕೆ ಅಷ್ಟು ದೂರ ಬರ್ಬೇಕಾ? ನಮ್ಮನೀಗೆ ಬರೂಕೆ ಹೇಳು. ನಿಮ್ಮಣ್ಣ ಟೀವಿ ಮುಂದೆ ಕೂತ್ರೆ ಇಡೀ ದಿನ ಒಂದು ಮಾತಿಲ್ಲ” ಎನ್ನುತ್ತಾಳೆ.

ಮಹಾದೇವ ಕೆಲಸ ಮಾಡುವುದು ದಯಾತೀರದಲ್ಲಿ. ಕಾಗಾಲದ ಗುಡ್ಡದ ಮೇಲೆ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಶಿಬಿರ ಅದು, ಧ್ಯಾನಕೇಂದ್ರವೂ ಹೌದು. ಅಂಗಳದಲ್ಲಿ ನಿಂತರೆ ಅಘನಾಶಿನಿ ಸಮುದ್ರ ಸೇರುವುದು ಕಾಣುತ್ತದೆ. ವರ್ಷದ ಹನ್ನೆರಡು ತಿಂಗಳೂ ಅಲ್ಲಿ ಜನರಿರುತ್ತಾರೆ. ಮಳೆ ಮುಗಿದ ಮೇಲೆ ಕಾಲೇಜಿನವರು ಗುಡ್ಡ ಹತ್ತಲು, ಸೈಕಲ್ ತುಳಿಯಲು ಬರುತ್ತಾರೆ. ಚಳಿಗಾಲದಲ್ಲಿ ಶಾಲೆಯ ಮಕ್ಕಳು ಹಿನ್ನೀರಿನಲ್ಲಿ ಕಯಾಕ್ ಎಂಬ ಸಣ್ಣ ದೋಣಿ ನಡೆಸುತ್ತಾರೆ. ಬೇಸಗೆ ರಜೆಯಲ್ಲಿ ಈಜು, ಹಗ್ಗದ ಏಣಿ, ಮರಳಿನ ಮೇಲೆ ಫುಟ್‌ಬಾಲ್. ಜೂನ್ ಬಂತೆಂದರೆ ಕಯಾಕುಗಳನ್ನು ದೋಣಿಮನೆಯೊಳಗೆ ಕವುಚಿ ಹಾಕಿ, ಮೌನಶಿಬಿರ ಶುರುಮಾಡುತ್ತಾರೆ. ಬೆಳಿಗ್ಗೆ ಆರೂವರೆಗೆ ಹೊರಟು ಗೇರುತೋಪಿನ ಮೂಲಕ ಗುಡ್ಡದ ತುದಿಗೆ ಹೋಗಿ, ನದಿಯಂಚಿನಿಂದ ತಿರುಗಿ ಒಂಬತ್ತಕ್ಕೆ ಶಿಬಿರ ಸೇರುವ ನಡಿಗೆ ದಿನವೂ ಇರುತ್ತದೆ. ಮಳೆ ಸುರಿದರೂ ತಪ್ಪುವುದಿಲ್ಲ.

ಈ ಎಲ್ಲದಕ್ಕೂ ಮುಂದೆ ನಿಲ್ಲುವವನು ಮಹಾದೇವ. ವಯಸ್ಸು ನಲವತ್ತೊಂಬತ್ತು. ಹಿಂದೆ ಕುಮಟಾ–ಮಿರ್ಜಾನದ ಟೆಂಪೋ ಒಂದರಲ್ಲಿ ಬಾಗಿಲಿಗೆ ನಿಂತು ಊರಿನ ಹೆಸರು ಕೂಗುತ್ತಿದ್ದ. ನದಿಯ ಭರತ, ಇಳಿತ ಗೊತ್ತಿದ್ದವನು, ಗಂಟಲೂ ದೊಡ್ಡದು ಎಂದು ಹನ್ನೊಂದು ವರ್ಷದ ಹಿಂದೆ ದಯಾತೀರದವರು ಇಟ್ಟುಕೊಂಡರು. ಮದುವೆಯಾಗಿಲ್ಲ. ಎರಡು ಕಡೆ ಮಾತು ನಡೆದು ನಿಂತಿತು; ಮೂರನೆಯ ಕಡೆಗೆ ಯಾರೂ ಹೋಗಲಿಲ್ಲ. ಶಿಬಿರದ ಹಿಂಬದಿಯ ಒಂದು ಕೋಣೆಯಲ್ಲಿ ಇರುತ್ತಾನೆ.

ಎಂಟು ತಿಂಗಳು ಅವನು ಕೂಗುತ್ತಾನೆ. ಜಾಕೆಟ್ ಬಿಗಿ ಮಾಡಿ, ಕಾಲು ಒಳಗಿಡಿ, ಆ ಬಂಡೆ ಹತ್ತಬೇಡಿ. ಮಕ್ಕಳು ‘ಅಂಕಲ್’ ಎನ್ನುತ್ತಾರೆ, ಮೂರನೆಯ ದಿನ ಬಸ್ಸು ಹತ್ತಿ ಹೋಗುತ್ತಾರೆ. ಇನ್ನು ನಾಲ್ಕು ತಿಂಗಳು ಅವನೂ ಮಾತಾಡುವಂತಿಲ್ಲ. ಕೈ ಎತ್ತಿದರೆ ನಿಲ್ಲಬೇಕು, ಕೋಲಿನಿಂದ ಕಲ್ಲಿಗೆ ಎರಡು ಸಲ ಬಡಿದರೆ ಜಾರುತ್ತದೆ ಎಂದರ್ಥ. ಆಜ್ಞೆ ಕೊಡುವುದನ್ನು ಯಾರೂ ಸಂಭಾಷಣೆ ಎನ್ನುವುದಿಲ್ಲ, ಕೋಲು ಬಡಿಯುವುದನ್ನೂ ಎನ್ನುವುದಿಲ್ಲ. ಹೀಗೆ ನೋಡಿದರೆ ನೂರಾರು ಜನರ ನಡುವೆ ಇದ್ದ ಆ ಮನುಷ್ಯನಿಗೆ ವರ್ಷಪೂರ್ತಿ ಯಾರೊಡನೆಯೂ ಮಾತಿರಲಿಲ್ಲ.

ಒಬ್ಬರ ವಿಷಯದಲ್ಲಿ ಮಾತ್ರ ಅವನಿಗೆ ಬೇರೆ ಭಾವನೆಯಿತ್ತು.

ಪ್ರತಿ ಜುಲೈ ಮೊದಲ ವಾರದ ಗುಂಪಿನಲ್ಲಿ ಕಪ್ಪು ಛತ್ರಿಯ ಒಬ್ಬರು ಬರುತ್ತಿದ್ದರು. ಅರವತ್ತರ ಆಸುಪಾಸಿನವರು, ಗಿಡ್ಡ, ಅಗಲ ಭುಜ. ಯಾವಾಗಲೂ ಮಹಾದೇವನ ಬೆನ್ನ ಹಿಂದೆಯೇ ನಡೆಯುವರು. ಅವನು ಬಗ್ಗಿಸಿ ಹಿಡಿದ ಕೊಂಬೆಯನ್ನು ಅವರು ಹಿಡಿದುಕೊಂಡು ಹಿಂದಿನವರಿಗೆ ದಾಟಿಸುವರು. ಎರಡನೆಯ ವರ್ಷ ಮಹಾದೇವನ ಚಪ್ಪಲಿಯ ಪಟ್ಟಿ ಕಿತ್ತಾಗ, ಜೇಬಿನಿಂದ ತಾಮ್ರದ ತಂತಿ ತೆಗೆದು ಅಲ್ಲೇ ಕೂತು ಬಿಗಿದುಕೊಟ್ಟರು. ಗುಡ್ಡದ ತುದಿಯಲ್ಲಿ ಹತ್ತು ನಿಮಿಷ ಕೂರುವಾಗ ಶೇಂಗಾ ಚಿಕ್ಕಿ ಮುರಿದು ಅರ್ಧ ಅವನ ಕಡೆ ಚಾಚಿದರು. ಮರುವರ್ಷ ಮಹಾದೇವ ಹಲಸಿನ ಬೇಳೆ ಸುಟ್ಟು ತಂದ. ಹೀಗೆ ಏಳು ಮಳೆಗಾಲ ಕಳೆಯಿತು. ಪ್ರತಿಸಲವೂ ಐದೇ ದಿನ.

ಮುಖ ನೋಡಿ ನಗುವುದೂ ಮಾತೇ, ಆದ್ದರಿಂದ ಶಿಬಿರದವರು ಕಣ್ಣು ತಗ್ಗಿಸಿರಬೇಕು ಎಂಬುದು ಮೇಲ್ವಿಚಾರಕಿ ಸಿಸ್ಟರ್ ಬೆನಿಟಾ ಅವರ ನಿಯಮ. ಕಪ್ಪು ಛತ್ರಿಯವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಮಹಾದೇವ ಪಾಲಿಸಲಿಲ್ಲ, ರೇನ್‌ಕೋಟಿನ ಟೊಪ್ಪಿಯೊಳಗಿನಿಂದ ಕದ್ದು ನೋಡುತ್ತಿದ್ದ. ಬಹುಶಃ ನಿವೃತ್ತ ಮೇಷ್ಟ್ರು, ಒಬ್ಬಂಟಿ ಎಂದು ಅವನೇ ತೀರ್ಮಾನಿಸಿಕೊಂಡಿದ್ದ. ಜಗತ್ತಿನಲ್ಲಿ ತನ್ನನ್ನು ಬಲ್ಲವರು ಒಬ್ಬರಿದ್ದಾರೆ ಎಂದೂ ತೀರ್ಮಾನಿಸಿಕೊಂಡಿದ್ದ. ಜನವರಿಯಲ್ಲಿ ಯಾರದೋ ಕಯಾಕ್ ಮಗುಚಿ, ಎತ್ತಿ ತಂದ ದಿನ, ಇದನ್ನು ಜುಲೈಯಲ್ಲಿ ಅವರಿಗೆ ಹೇಳಬೇಕು ಎಂದುಕೊಳ್ಳುವನು. ಜುಲೈಯಲ್ಲಿ ಹೇಳುವಂತಿಲ್ಲ ಎಂಬುದು ಆಮೇಲೆ ನೆನಪಾಗುವುದು.

ಎಂಟನೆಯ ಜುಲೈಯಲ್ಲಿ ಅವರು ಬರಲಿಲ್ಲ.

ಮಹಾದೇವ ಎರಡು ವಾರ ಕಾದು ಆಫೀಸಿಗೆ ಹೋದ. “ಸಿಸ್ಟರ್, ಕಪ್ಪು ಛತ್ರಿಯವ್ರು ಈ ಸಲ ಬರ್ಲಿಲ್ಲಲ.”

“ಯಾರು? ಮಳೆಗಾಲದಲ್ಲಿ ಎಲ್ಲರದೂ ಕಪ್ಪು ಛತ್ರಿಯೇ.”

“ಗಿಡ್ಡ ಇದ್ರು. ನನ್ನ ಹಿಂದೇನೇ ಬರ್ತಿದ್ರು.”

“ಹೆಸರು ಗೊತ್ತಿಲ್ವ? ಏಳು ವರ್ಷದಿಂದ?”

“ಕೇಳೂಕೆ ನೀವು ಬಿಟ್ಟಿದ್ರೆ ಅಲ್ವಾ?”

ಸಿಸ್ಟರ್ ನಗಲಿಲ್ಲ, ಆದರೆ ರಿಜಿಸ್ಟರ್ ತೆಗೆದರು. ಏಳು ಜುಲೈಯಲ್ಲೂ ಇದ್ದ ಹೆಸರು ಒಂದೇ: ಇನಾಸ ಲೋಪಿಸ್, ಹೊನ್ನಾವರ. “ಬಂದರಿಗೆ ಹೋಗುವ ರಸ್ತೆಯಲ್ಲಿ ಪಂಪ್ ರಿಪೇರಿ ಅಂಗಡಿ ಅವರದು. ಎಂತಕ್ಕೆ ಕೇಳ್ತಿ?”

“ಸುಮ್ನೆ.”

ಒಂದು ಬುಧವಾರ ರಜೆ ಕೇಳಿ, ಇಸ್ತ್ರಿಯ ಅಂಗಿ ಹಾಕಿ ಮಹಾದೇವ ಹೊನ್ನಾವರದ ಬಸ್ಸು ಹತ್ತಿದ. ಹೋಗಿ ಏನು ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡ. ನನ್ನ ಹೆಸರು ಮಹಾದೇವ, ನಿಮ್ಮ ಹೆಸರು ಈಗ ಗೊತ್ತಾಯಿತು ಎಂದು ಶುರುಮಾಡುವುದು. ಉಳಿದದ್ದು ತಾನಾಗಿ ಬರುತ್ತದೆ ಎಂದು ಅವನ ನಂಬಿಕೆ.

ಅಂಗಡಿಯಲ್ಲಿ ಬಿಚ್ಚಿದ ಮೋಟಾರುಗಳ ರಾಶಿ. ಒಂದು ಪಂಪು ಟಬ್ಬಿನಿಂದ ನೀರೆಳೆದು ಅದಕ್ಕೇ ಸುರಿಯುತ್ತ ಕಿವಿ ಕೊರೆಯುತ್ತಿತ್ತು. ಲೋಪಿಸ್ ಬಲಗಾಲು ಸ್ಟೂಲಿನ ಮೇಲೆ ಚಾಚಿ, ಮಡಿಲಲ್ಲಿ ಮೋಟಾರಿಟ್ಟುಕೊಂಡು ತಾಮ್ರದ ತಂತಿ ಸುತ್ತುತ್ತಿದ್ದರು. ಮಂಡಿಗೆ ದಪ್ಪ ಪಟ್ಟಿಯಿತ್ತು. ಮಹಾದೇವ ಅವರೆದುರು ನಿಂತ. ಅವರು ಅವನ ಮುಖವನ್ನೇ ನೋಡಿದರು.

“ಎಂತ ಸುಟ್ಟು ಹೋಯ್ತು? ಅರ್ಧ ಎಚ್‌ಪಿಯಾ, ಒಂದಾ?”

“ಪಂಪಲ್ಲ.”

“ಮಿಕ್ಸರ್ ನಾನು ಮಾಡುದಿಲ್ಲ. ಎದುರಿನ ಅಂಗಡಿಗೆ ಹೋಗಿ.”

ಮಹಾದೇವ ಜೋಡಿಸಿಕೊಂಡಿದ್ದ ಮಾತೆಲ್ಲ ಚದುರಿಹೋಯಿತು. ಗುರುತೇ ಇಲ್ಲದವರಿಗೆ ಏನೆಂದು ಹೇಳುವುದು? ತಲೆಯಾಡಿಸಿ, ತಿರುಗಿ ಮೆಟ್ಟಿಲು ಇಳಿದ.

“ಓ, ನಿಲ್ಲು ನಿಲ್ಲು,” ಎಂದು ಹಿಂದಿನಿಂದ ಲೋಪಿಸ್ ಕರೆದರು. “ನೀನು ದಯಾತೀರದವನಲ್ವಾ ಮಾರಾಯ? ಎಡ ಭುಜ ಇಳಿಸಿ ನಡೆಯುದು ನೋಡಿ ಗೊತ್ತಾಯ್ತು. ಬಾ, ಕೂತ್ಕೊ.”

ಮಹಾದೇವ ಬಂದು ಕೂತ. ಚಹಾ ಬಂತು. ಅಷ್ಟರಲ್ಲಿ ಲೋಪಿಸ್ ಮಾತು ಆರಂಭಿಸಿದ್ದರು; ಅವರು ಮೇಷ್ಟ್ರೂ ಅಲ್ಲ, ಒಬ್ಬಂಟಿಯೂ ಅಲ್ಲ. ಮೇ ತಿಂಗಳಲ್ಲಿ ಮಂಡಿಯ ಆಪರೇಶನ್ ಆದದ್ದು, ಡಾಕ್ಟರು ಹೇಳಿದ್ದು, ಇಬ್ಬರು ಸೊಸೆಯಂದಿರ ಅಡಿಗೆ, ಹಿಂದಿನ ಮನೆಯವರೊಂದಿಗೆ ಬೇಲಿಯ ತಕರಾರು, ಈಗಿನ ಮೋಟಾರಿನ ಕಳಪೆ ಬಾಡಿ, ಇವು ಒಂದರ ಹಿಂದೊಂದು ಬಂದವು. ನಡುವೆ ಮೂವರು ಗಿರಾಕಿಗಳು ಬಂದರು. ಅವರೊಂದಿಗೂ ಅದೇ ಧಾರಾಳ ಮಾತು. ಒಬ್ಬನನ್ನು, “ನಿನ್ನ ಬಾವಿಯಲ್ಲಿ ನೀರಿಲ್ಲ, ಪಂಪಿಗೆ ಎಂತಕ್ಕೆ ಬೈತೆ?” ಎಂದು ನಗಿಸಿ ಕಳಿಸಿದರು. ಒಂದು ಗಂಟೆಯಲ್ಲಿ ಮಹಾದೇವನ ಪಾಲಿಗೆ ಬಂದದ್ದು ನಾಲ್ಕೋ ಐದೋ ‘ಹೌದು’ಗಳು.

ಕೊನೆಗೆ ಲೋಪಿಸ್ ಚಹಾದ ಲೋಟ ಕೆಳಗಿಟ್ಟು ಹೇಳಿದರು: “ನೋಡು, ಬೆಳಿಗ್ಗೆಯಿಂದ ರಾತ್ರಿವರೆಗೆ ಇಲ್ಲಿ ಇದೇ. ಅಲ್ಲಿ ನಿನ್ನ ಹಿಂದೆ ನಡೀತಿದ್ರೆ ಸುತ್ತ ಒಬ್ಬ ಮನುಷ್ಯನೂ ಇಲ್ಲ ಅನ್ನಿಸ್ತದೆ. ಅದಕ್ಕೇ ನಾನು ಬರುದು. ನೀನು ಒಳ್ಳೆಯವ, ಒಂದು ಮಾತಿಲ್ಲ. ಮುಂದಿನ ವರ್ಷ ಕಾಲು ಸರಿ ಆದ್ರೆ ಖಂಡಿತ ಬರ್ತೆ.”

“ಆತು,” ಎಂದ ಮಹಾದೇವ.

ಅವರು ಹೆಸರು ಕೇಳಲಿಲ್ಲ. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಬೇಕಾದದ್ದು ಅವರಿಗೆ ಈಗಾಗಲೇ ಸಿಕ್ಕಿತ್ತು, ಹೆಸರಿಲ್ಲದೆಯೇ.

ಹೇಳಿದಂತೆ ಮರುವರ್ಷ ಲೋಪಿಸ್ ಬಂದರು. ಮೊದಲ ದಿನ ಎಂದಿನಂತೆ ಹಿಂದೆಯೇ ನಡೆದರು, ಸ್ವಲ್ಪ ಕುಂಟುತ್ತ. ಮಹಾದೇವ ವೇಗ ತಗ್ಗಿಸಿದ. ಎರಡನೆಯ ದಿನ ಗುಡ್ಡದ ತುದಿಯಲ್ಲಿ ಹದಿನಾಲ್ಕು ಜನ ಛತ್ರಿಗಳ ಕೆಳಗೆ ತಲೆ ತಗ್ಗಿಸಿ ಕೂತಿದ್ದಾಗ, ಮಹಾದೇವ ರೇನ್‌ಕೋಟಿನ ಟೊಪ್ಪಿ ಹಿಂದಕ್ಕೆ ಸರಿಸಿ, ಲೋಪಿಸರ ಕಡೆ ಪೂರ್ತಿ ತಿರುಗಿ ನಿಂತ.

“ನನ್ನ ಹೆಸ್ರು ಮಹಾದೇವ,” ಎಂದ.

ಅವನಿಗೆ ಸಣ್ಣ ದನಿಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಮಳೆಯಲ್ಲೂ ಅದು ಎಲ್ಲರಿಗೂ ಕೇಳಿಸಿತು. ಕೆಲವರು ತಲೆ ಎತ್ತಿದರು. ಲೋಪಿಸ್ ಎತ್ತಲಿಲ್ಲ. ಕಣ್ಣು ಇನ್ನಷ್ಟು ತಗ್ಗಿಸಿ, ತುಟಿಯ ಮೇಲೆ ಬೆರಳಿಟ್ಟರು. ಸಿಟ್ಟಿನಿಂದಲ್ಲ, ಶಿಬಿರದ ನಿಯಮವನ್ನು ಮರೆತವನಿಗೆ ನೆನಪಿಸುವಂತೆ.

ಗುಂಪಿನ ಯಾರೋ ಚೀಟಿ ಬರೆದು ದೂರಿದರು. ಮಧ್ಯಾಹ್ನ ಸಿಸ್ಟರ್ ಬೆನಿಟಾ ಅವನನ್ನು ಕರೆಸಿದರು.

“ಇಷ್ಟು ವರ್ಷದಲ್ಲಿ ಒಂದು ಸಲವೂ ಹೀಗೆ ಮಾಡಿದವನಲ್ಲ ನೀನು. ಎಂತ ಹೇಳಿದೆ ಅವರಿಗೆ?”

“ಹೆಸ್ರು ಹೇಳಿದೆ.”

“ಅವರು ಕೇಳಿದ್ರಾ?”

“ಇಲ್ಲ.”

ಸಿಸ್ಟರ್ ಕಠಿಣ ಹೆಂಗಸು, ಆದರೆ ದಡ್ಡರಲ್ಲ. ಗದರಿಸಲಿಲ್ಲ. ಉಳಿದ ಮೂರು ದಿನ ನಡಿಗೆಗೆ ನಿತ್ಯಾನಂದನನ್ನು ಕಳಿಸುವುದೆಂದೂ ಮಹಾದೇವ ದೋಣಿಮನೆಯಲ್ಲಿ ಕಯಾಕುಗಳ ತಳ ಉಜ್ಜಿ ಬಣ್ಣ ಹಚ್ಚುವುದೆಂದೂ ಹೇಳಿದರು. ನಿತ್ಯಾನಂದ ತೋಟದ ಕೆಲಸದವನು. ದಾರಿ ಅವನಿಗೂ ಗೊತ್ತು.

ದೋಣಿಮನೆ ಇರುವುದು ನದಿಯಂಚಿನ ದಾರಿಯಲ್ಲೇ. ಎಂಟೂವರೆಯ ಹೊತ್ತಿಗೆ ನಡಿಗೆಯವರು ಅದರ ತೆರೆದ ಬಾಗಿಲಿನ ಮುಂದೆಯೇ ಹಾದು ಹೋಗಬೇಕು. ಮೂರು ದಿನವೂ ಹೋದರು. ಮುಂದೆ ನಿತ್ಯಾನಂದ, ಅವನ ಬೆನ್ನಿಗೆ ಕುಂಟುವ ಹೆಜ್ಜೆ, ಆಮೇಲೆ ಉಳಿದವರು; ಒದ್ದೆ ಮಣ್ಣಿನಲ್ಲಿ ಹೆಜ್ಜೆಗಳ ಸದ್ದು ಮಹಾದೇವನಿಗೆ ಕೇಳುತ್ತಿತ್ತು. ಒಂದು ದಿನ ಆ ಕುಂಟುವ ಹೆಜ್ಜೆ ಬಾಗಿಲ ಬಳಿ ತಡೆದಂತೆ ಅವನಿಗೆ ಅನಿಸಿತು. ಅವನು ಕಯಾಕಿನ ತಳ ಉಜ್ಜುತ್ತಲೇ ಇದ್ದ, ತಲೆ ಎತ್ತಲಿಲ್ಲ. ಎತ್ತಿದ್ದರೆ ಅವರು ಇತ್ತ ನೋಡುತ್ತಿದ್ದರೋ ಇಲ್ಲವೋ ತಿಳಿಯುತ್ತಿತ್ತು.