ಕಾಕು ಪಾಸಾಗಬಾರದಿದ್ದ ಪರೀಕ್ಷೆ

ಘೋಡಗೇರಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕುವಿಗೆ, ಅಂದರೆ ಚಿಕ್ಕಮ್ಮನಿಗೆ, ಬಹಳ ವರ್ಷಗಳಿಂದ ಕೀಲುನೋವು. ಹೇಗಿದ್ದೀರಿ ಎಂದು ಯಾರೇ ಕೇಳಲಿ, ಸೆರಗು ಸರಿಮಾಡಿಕೊಂಡು, “ಆರಾಮ ಅದೀನ್ರಿ” ಎನ್ನುತ್ತಿದ್ದರು.

ಅಂಗವಿಕಲರ ಪಿಂಚಣಿಗೆ ಬೇಕಾದ ಸರ್ಟಿಫಿಕೇಟಿಗಾಗಿ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರರಿಗೂ ಅದೇ ಉತ್ತರ ಕೊಟ್ಟರು. ಕೈ ಎತ್ತಲು ಹೇಳಿದರೆ ಹಲ್ಲು ಕಚ್ಚಿ ಪೂರ್ತಿ ಎತ್ತಿ, ನಕ್ಕರು. ಡಾಕ್ಟರರು ತೊಂದರೆಯಿಲ್ಲ ಎಂದು ಬರೆಯತೊಡಗಿದರು.

“ಕಾಕು, ಇಲ್ಲಿ ಪಾಸ್ ಆಗಬಾರದ್ರಿ!” ಎಂದೆ.

ಕಾಕು ತಲೆ ತಗ್ಗಿಸಿದರು. “ಖರೆ ಹೇಳ್ಬೇಕಂದ್ರ, ನನ್ನ ತಲಿ ನಾನ ಬಾಚ್ಕೊಂಡು ಎರಡ ವರ್ಷ ಆತ್ರಿ. ಮಗಳು ಬಾಚ್ತಾಳ.”

ಡಾಕ್ಟರರು ಮೊದಲಿನಿಂದ ಪರೀಕ್ಷಿಸಿದರು. ಸರ್ಟಿಫಿಕೇಟೂ ಸಿಕ್ಕಿತು, ಮುಂದೆ ಪಿಂಚಣಿಯೂ ಬಂತು.

ಅಂದು ಮೆಟ್ಟಿಲಿಳಿಯುವಾಗ ಮಾತ್ರ ಕಾಕು ನನ್ನನ್ನು ಬೈದರು: “ಮಂದಿ ಮುಂದ ಮನಿ ಮಾತ ಆಡಿಸಿದೆಲ್ಲೊ, ಖೋಡಿ!” ಬೈಯುತ್ತಲೇ, ಮೊದಲ ಸಲ, ನನ್ನ ಹೆಗಲ ಮೇಲೆ ಪೂರ್ತಿ ಭಾರ ಹಾಕಿದರು.