ಎರವಲು ಹೋದ ತೊಟ್ಟಿಲು

ಬೆಳಗಿನ ಹೊತ್ತು ನನ್ನ ಮನೆಯಲ್ಲಿ ಕೆಲಸಗಳು ಒಂದರ ಸೆರಗು ಒಂದು ಹಿಡಿದುಕೊಂಡು ಬರುತ್ತವೆ. ಮಂಡಕ್ಕಿ ನೆನೆಸಿ ಉಗ್ಗಾಣಿಗೆ ಒಗ್ಗರಣೆ ಹಾಕಿ, ಯಜಮಾನರ ಡಬ್ಬಿ ಕಟ್ಟಿ, ತುಳಸಿಗೆ ನೀರು ಹಾಕಿ, ಸೆರಗಿನ ತುದಿಗೆ ಗಂಟು ಹಾಕಿದ ಬೀಗದ ಕೈ ಇದೆಯೇ ಎಂದು ಮುಟ್ಟಿ ನೋಡಿಕೊಂಡು ಹೊರಟರೆ, ಎರಡು ಓಣಿ ದಾಟುವಷ್ಟರಲ್ಲಿ ನಾನು ಗೃಹಿಣಿ ಹೋಗಿ ಮ್ಯೂಸಿಯಮ್ಮಿನ ಮೇಲ್ವಿಚಾರಕಿ ಆಗಿರುತ್ತೇನೆ. ಹಾಗೆಂದು ನನ್ನನ್ನು ಕರೆಯುವವಳು ನಾನೊಬ್ಬಳೇ. ಊರಿನವರ ಬಾಯಲ್ಲಿ ನಾನು ‘ದೊರೆ ಮನಿ ಕಸಾ ಹೊಡಿಯೋ ಅಕ್ಕಾರು’. ಸುಳ್ಳೇನಲ್ಲ. ಬೀಗ ತೆಗೆದು ಮೊದಲು ಮಾಡುವ ಕೆಲಸ ಅದೇ. ಆಂಧ್ರ ಗಡಿಯ ನಮ್ಮ ಆದವಾನಿಯಲ್ಲಿ ಹತ್ತಿಯ ಮಿಲ್ಲುಗಳು ಇರುವತನಕ ಕಿಟಕಿಯ ಸರಳುಗಳ ಮೇಲೆ ಬಿಳಿ ನವಿರು ಕೂರುವುದು ತಪ್ಪುವುದಿಲ್ಲ. ಒರೆಸಿ ತಿರುಗುವಷ್ಟರಲ್ಲಿ ಮತ್ತೆ ಬಂದು ಕೂತಿರುತ್ತದೆ, ಮುನಿಸಿಕೊಂಡು ಹೋದ ಬೆಕ್ಕಿನ ಹಾಗೆ.

ಈ ದೊರೆ ಮನೆ ಎಂದರೆ ಅರಮನೆ ಅಂದುಕೊಳ್ಳಬೇಡಿ. ಹಿಂದೆ ಹತ್ತಿ ಮಿಲ್ಲಿನ ಯಂತ್ರ ನೋಡಿಕೊಳ್ಳುತ್ತಿದ್ದ ಬಿಳಿಯನೊಬ್ಬ ಕಟ್ಟಿಸಿಕೊಂಡ ಪುಟ್ಟ ಕಲ್ಲಿನ ಮನೆ. ಮುಂದೊಂದು ಪಡಸಾಲೆ, ಪಕ್ಕಕ್ಕೊಂದು ಕೋಣೆ, ಹಿಂದೆ ಅಡಿಗೆಮನೆ. ಪಡಸಾಲೆಯ ಗೋಡೆಯಲ್ಲಿ ಮೈ ಕಾಯಿಸಿಕೊಳ್ಳಲು ಬೆಂಕಿಗೂಡು. ಆದವಾನಿಯ ಬಿಸಿಲಿನಲ್ಲಿ ಬೆಂಕಿಗೂಡು! ಪಾಪ, ಊರು ನೆನಪಾದಾಗ ಅದರ ಮುಂದೆ ಕೂರುತ್ತಿದ್ದನೋ ಏನೋ. ಮನೆಯ ವಾರಸುದಾರರು ಕೆಡವಲೂ ಮನಸ್ಸಾಗದೆ, ಬಾಡಿಗೆಗೂ ಯಾರೂ ಬಾರದೆ, ‘ಏನಾದರೂ ಮಾಡಿಕೊಳ್ಳಿ’ ಎಂದು ನಮಗೆ ಕೊಟ್ಟರು. ನಾವು ಎಂದರೆ ನಾನು ಮತ್ತು ಉರ್ದು ಶಾಲೆಯಿಂದ ನಿವೃತ್ತಿಯಾದ ಖೈರುನ್ನಿಸಾ ಆಪಾ. ನಾವು ಮಾಡಿಕೊಂಡ ‘ಏನಾದರೂ’ ಈ ಮ್ಯೂಸಿಯಂ.

ಹಳೆಯ ಸಾಮಾನು ಕೊಡಿ ಎಂದು ಮನೆಮನೆಗೆ ತಿರುಗಿದಾಗ ಜನ ಇಲ್ಲ ಎನ್ನಲಿಲ್ಲ. ಆದರೆ ಎಲ್ಲರೂ ಒಂದೇ ಮಾತು ಸೇರಿಸಿದರು: ‘ನಮಗ ಬೇಕಾದಾಗ ಒಯ್ತೀವಿ ನೋಡ್ರಿ.’ ಹೀಗಾಗಿ ನಮ್ಮ ಮ್ಯೂಸಿಯಮ್ಮಿನ ವಸ್ತುಗಳಿಗೆ ಇತಿಹಾಸ ಇನ್ನೂ ಮುಗಿದಿಲ್ಲ. ಒನಕೆ ಮದುವೆ ಮನೆಗೆ ಅರಿಶಿನ ಕುಟ್ಟಲು ಹೋಗುತ್ತದೆ. ತಾಮ್ರದ ಕೊಪ್ಪರಿಗೆ ಮುಂಜಿಗೂ ಹೋಗುತ್ತದೆ, ಉರುಸಿಗೂ ಹೋಗುತ್ತದೆ. ಒಮ್ಮೆ ಕಾಲೇಜಿನ ಉಪನ್ಯಾಸಕರೊಬ್ಬರು ಬಂದು, ನಾನು ಕಾನ್ವೆಂಟಿನ ಗುಂಡು ಅಕ್ಷರದಲ್ಲಿ ತೆಲುಗು, ಕನ್ನಡ, ಇಂಗ್ಲಿಷಿನಲ್ಲಿ ಬರೆದಿಟ್ಟ ಚೀಟಿಗಳನ್ನು ಓದುತ್ತಾ ಹೋಗಿ, ‘ವಸ್ತುಗಳು ಎಲ್ಲಿ?’ ಎಂದರು. ‘ಮದುವೆಗೆ ಹೋಗಿವೆ’ ಎಂದೆ. ಅವರು ಮತ್ತೆ ಬರಲಿಲ್ಲ. ಶಾಲೆಯಲ್ಲಿದ್ದಾಗ ಸಿಸ್ಟರುಗಳು ನಮ್ಮನ್ನು ಹೈದರಾಬಾದಿಗೆ ಕರೆದೊಯ್ದು ದೊಡ್ಡ ಮ್ಯೂಸಿಯಂ ತೋರಿಸಿದ್ದರು. ಅಲ್ಲಿ ಎಲ್ಲವೂ ಗಾಜಿನೊಳಗೆ ಉಸಿರು ಬಿಗಿಹಿಡಿದು ನಿಂತಿದ್ದವು. ನಮ್ಮವು ಹಾಗಲ್ಲ, ಬಂಧುಗಳ ಮನೆಗೆ ಹೋಗಿ ಬರುತ್ತವೆ, ಮೈಗೆ ಅರಿಶಿನ ಹಚ್ಚಿಕೊಂಡು, ಒಮ್ಮೊಮ್ಮೆ ಸೊಟ್ಟಗಾಗಿ. ವಾಪಸು ಬಂದಾಗ ತಂದವರ ಕೈಗೆ ಸಕ್ಕರೆ ಕೊಟ್ಟು ‘ಕಾರ್ಯ ಹೆಂಗಾತು?’ ಎಂದು ಕೇಳುವುದು ನಾವೇ ಮಾಡಿಕೊಂಡ ಸಂಪ್ರದಾಯ.

ಎಲ್ಲಕ್ಕಿಂತ ಚೆಂದದ್ದು ತೊಟ್ಟಿಲು. ಹಾಲಹರವಿ ಕಡೆಯ ಕುರಿ ಸಾಕುವ ಮನೆಯ ಈರಮ್ಮ ಕೊಟ್ಟದ್ದು. ನಾಲ್ಕು ಮೂಲೆಗೆ ನಾಲ್ಕು ಮರದ ಗಿಣಿ, ತೊಲೆಗೆ ತೂಗುಹಾಕಲು ಹಿತ್ತಾಳೆಯ ಸರಪಳಿ. ಅದನ್ನು ಮೊದಲು ಪಡಸಾಲೆಯಲ್ಲಿ ತೂಗುಹಾಕಿದಾಗ ನೋಡಲು ಬಂದ ಹೆಂಗಸರೆಲ್ಲ ಹೊಸಿಲಿನಾಚೆಯೇ ನಿಂತರು. ಖಾಲಿ ತೊಟ್ಟಿಲು ತೂಗಬಾರದು, ಗಾಳಿಗೂ ಅಲುಗಬಾರದು. ಕೊನೆಗೆ ಅಡಿಗೆಮನೆಯಲ್ಲಿದ್ದ ಒರಳಿನ ಗುಂಡುಕಲ್ಲನ್ನು ತಂದು ಮಲಗಿಸಿದೆವು. ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರದಲ್ಲಿ ಮೊದಲು ಗುಂಡುಕಲ್ಲನ್ನೇ ಮಲಗಿಸುತ್ತಾರಲ್ಲ. ಯಾಕೆ ಎಂದು ನಾನು ಹಲವರನ್ನು ಕೇಳಿದ್ದೇನೆ. ಕೂಸಿನ ಆಯುಷ್ಯ ಕಲ್ಲಿನಷ್ಟು ಗಟ್ಟಿಯಾಗಲಿ ಎಂದು ಕೆಲವರು. ಕೆಟ್ಟ ಕಣ್ಣು ಮೊದಲು ಕಲ್ಲಿಗೆ ಬಡಿದು ಮುರಿಯಲಿ ಎಂದು ಇನ್ನು ಕೆಲವರು. ಆಪಾ ಆ ಕಲ್ಲಿಗೊಂದು ಮಕಮಲ್ಲಿನ ಕುಲಾವಿ ಹೊಲಿದಳು. ಶಾಲೆಯ ಮಕ್ಕಳು ಬಂದರೆ ಹತ್ತಿ ಮಾರುಕಟ್ಟೆಯ ಚರಿತ್ರೆ ಬಿಟ್ಟು ಕುಲಾವಿ ಹಾಕಿಕೊಂಡ ಕಲ್ಲನ್ನೇ ನೋಡಿ ನಗುತ್ತಾರೆ.

ಕಳೆದ ತಿಂಗಳು ಈರಮ್ಮ ಬಂದು ತೊಟ್ಟಿಲು ಒಯ್ದಿದ್ದಳು. ಅವಳ ಮಗಳು ಶಿವಲೀಲೆಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ದಿನ ತುಂಬಿದ್ದವು. ಒಯ್ಯುವಾಗ ಟಂಟಂ ಆಟೋದಲ್ಲಿ ತೊಟ್ಟಿಲಿನ ಪಕ್ಕ ಕೂತು, ಬಸ್ಸಿನಲ್ಲಿ ಜಾಗ ಹಿಡಿದ ಹಾಗೆ ಒಂದು ಕೈ ಅದರ ಮೇಲಿಟ್ಟುಕೊಂಡಿದ್ದಳು. ಗುಂಡುಕಲ್ಲು ನಮ್ಮ ಬೆಂಕಿಗೂಡಿನ ಮೇಲೆ ಉಳಿಯಿತು.

ಇವತ್ತು ನಾನು ಕಸ ಹೊಡೆಯುತ್ತಿದ್ದಾಗ ಅದೇ ಟಂಟಂ ಬಾಗಿಲಿಗೆ ಬಂತು. ಗಿಣಿಗಳ ಕೊಕ್ಕು ಕಂಡದ್ದೇ ತಡ, ಪೊರಕೆ ಬಿಸಾಕಿ ಸಕ್ಕರೆ ಡಬ್ಬಿ ಹಿಡಿದು ಓಡಿದೆ. ಇಷ್ಟು ಬೇಗ ಯಾಕೆ ಬಂತು ಎಂದು ಒಂದು ಗಳಿಗೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

“ಈರಮ್ಮ, ಬಾಯಿ ತೆಗಿ. ಏನ್ ಹೆಸರಿಟ್ರಿ?”

ಈರಮ್ಮ ನನ್ನ ಕೈಯಲ್ಲಿನ ಸಕ್ಕರೆಯನ್ನು ನೋಡಿದಳು. “ಹೆಸರಿಡೋತನ ಇರಲಿಲ್ಲರಿ ಅಕ್ಕಾರ.”

ಆ ಸಕ್ಕರೆಯನ್ನು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. ಡಬ್ಬಿಗೆ ಹಾಕುವಂತಿಲ್ಲ, ಚೆಲ್ಲುವಂತಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡು ನಿಂತೆ. ಬೆವರಿಗೆ ಅದು ಕರಗಿ ಅಂಟುತ್ತಿತ್ತು.

ಆಟೋದೊಳಗೆ ಕಂಬಳಿ ಹೊದ್ದು ಶಿವಲೀಲೆ ಕೂತಿದ್ದಳು. ಈರಮ್ಮ ದನಿ ತಗ್ಗಿಸಿದಳು. “ಅವತ್ತಿಂದ ಮಾತಿಲ್ಲ, ಅಳೂದಿಲ್ಲ. ನೀರು ಕೊಟ್ರ ಕುಡೀತಾಳ, ಇಲ್ಲಾಂದ್ರ ಇಲ್ಲ. ಒಂದು ಸಲ ಅತ್ತುಬಿಟ್ಟಿದ್ರ ಉಳೀತಾಳಂತ ಧೈರ್ಯ ಬರ್ತಿತ್ತು. ಒಬ್ಬಾಕಿನ್ನ ಬಿಟ್ಟು ಬರಾಕ ಹೆದರಿಕಿ, ಅದಕ್ಕ ಕರ್ಕೊಂಡ ಬಂದೆ.”

ಅಷ್ಟರಲ್ಲಿ ಆಪಾ ಕೂಡ ಬಂದಳು; ಮೂವರೂ ಸೇರಿ ತೊಟ್ಟಿಲನ್ನು ಒಳಗೆ ತಂದು ತೊಲೆಗೆ ಸಿಕ್ಕಿಸಿದೆವು. ಈರಮ್ಮ ಆಗ ಕೇಳಿದ್ದು ಒಂದೇ: “ಸರಪಳಿ ಬಿಚ್ಚಿ ಮೂಲ್ಯಾಗ ಇಟ್ಟುಬಿಡ್ರಿ. ಇನ್ನ ಯಾರಿಗೂ ಕೊಡಬ್ಯಾಡ್ರಿ. ನಮ್ಮ ಮನ್ಯಾಗ ಆದದ್ದು ಇನ್ನೊಬ್ಬರ ಮನ್ಯಾಗ ಆಗಬಾರದು.”

ಕೊಟ್ಟವರ ಮಾತು ನಮ್ಮಲ್ಲಿ ಕಾನೂನು. ಆಪಾ ಆಗಲೇ ಸ್ಟೂಲು ಎಳೆಯುತ್ತಿದ್ದಳು. ನಾನು ತೊಟ್ಟಿಲಿನ ಚೀಟಿಯನ್ನು ನೋಡುತ್ತಾ ನಿಂತೆ. ‘ಮರ, ಹಿತ್ತಾಳೆ, ಹಾಲಹರವಿ’ ಎಂದು ಅದರಲ್ಲಿ ಬರೆದಿತ್ತು. ಎಂಥ ಜಾಣತನದ ಬರಹ! ಚರಿತ್ರೆ ಎಂದರೆ ಇದ್ದವರ ಸಂಗತಿ ಎಂದು ನಾನು ಕಲಿತದ್ದು. ಕೆಲವೇ ದಿನ ಇದ್ದು, ಹೆಸರೂ ಇಲ್ಲದೆ ಹೋದವರನ್ನು ಯಾವ ಚೀಟಿಯಲ್ಲಿ ಬರೆಯುತ್ತಾರೆ? ನನ್ನ ಗುಂಡು ಅಕ್ಷರಕ್ಕೆ ಅದು ಗೊತ್ತಿರಲಿಲ್ಲ.

ಶಿವಲೀಲೆ ಯಾವಾಗ ಒಳಗೆ ಬಂದಳೋ ನಾವು ನೋಡಲಿಲ್ಲ. ನೋಡಿದಾಗ ಬೆಂಕಿಗೂಡಿನ ಮುಂದೆ ನಿಂತಿದ್ದಳು, ಗುಂಡುಕಲ್ಲು ಅವಳ ತೋಳಲ್ಲಿತ್ತು. ಅದನ್ನು ಎತ್ತಿಕೊಂಡ ರೀತಿ ಕಲ್ಲನ್ನು ಎತ್ತಿಕೊಳ್ಳುವ ರೀತಿಯಾಗಿರಲಿಲ್ಲ. ಕತ್ತು ಎಲ್ಲಿರಬೇಕೋ ಅಲ್ಲಿಗೆ ಅಂಗೈ ಕೊಟ್ಟಿದ್ದಳು. ಮೆಲ್ಲನೆ ತಂದು ತೊಟ್ಟಿಲಿನಲ್ಲಿ ಮಲಗಿಸಿದಳು. ಕುಲಾವಿ ಒಂದು ಕಡೆಗೆ ಜಾರಿತು. ಸರಿಮಾಡಿದಳು. ಮತ್ತೆ ಜಾರಿತು.

“ಇದು ಯಾರು ಹೊಲಿದದ್ದು?” ಅಂದಳು.

ಸ್ಟೂಲಿನ ಮೇಲೆ ನಿಂತಿದ್ದ ಆಪಾ, “ಮೈನೇ ಬೇಟಾ, ನಾನೇ” ಎಂದಳು.

“ದೊಡ್ಡದಾಗೈತಿ.”

“ಹೌದವ್ವ, ಅಳತಿ ತಪ್ಪೇತಿ.”

“ಬಾಳ ದೊಡ್ಡದಾಗೈತಿ” ಎಂದಳು ಶಿವಲೀಲೆ. ಆಮೇಲೆ ತೊಟ್ಟಿಲಿನ ಅಂಚು ಹಿಡಿದು ನೆಲಕ್ಕೆ ಕುಸಿದು ಅತ್ತಳು. ಆ ಅಳು ಹೇಗಿತ್ತು ಎಂದು ನಾನು ಬರೆಯುವುದಿಲ್ಲ. ಈರಮ್ಮ ಓಡಿಬಂದು ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡು “ಅಳವ್ವ, ಅಳು” ಎನ್ನುತ್ತಾ ತಾನೂ ಅತ್ತಳು. ಮಕ್ಕಳಿಗೆ ಅಳಬೇಡ ಎನ್ನುವುದನ್ನೇ ಕೇಳಿ ಬೆಳೆದ ನನಗೆ ತಾಯಿಯೊಬ್ಬಳು ಹೀಗೆ ಬೇಡಿಕೊಳ್ಳುವುದು ಹೊಸದು. 

ಹೊರಡುವಾಗ ಶಿವಲೀಲೆ ನೀರು ಕೇಳಿ ಕುಡಿದಳು. ಹೊಸಿಲಿನಲ್ಲಿ ನಿಂತು, “ಸರಪಳಿ ಬಿಚ್ಚೋದು ಬ್ಯಾಡವ್ವ” ಎಂದಳು. “ತೊಟ್ಲಾ ಏನು ಮಾಡೇತಿ? ಯಾರರ ಕೇಳಿದ್ರ ಕೊಡ್ಲಿ.” ಈರಮ್ಮ ನನ್ನ ಮುಖ ನೋಡಿದಳು. ಮಗಳ ಕಂಬಳಿ ಸರಿಮಾಡಿ ಆಟೋಗೆ ಹತ್ತಿಸಿದಳು. ಟಂಟಂ ಹೊರಟಿತು. ಆಪಾ ಸ್ಟೂಲನ್ನು ತಂದ ಜಾಗಕ್ಕೇ ಇಟ್ಟಳು.

ಶಿವಲೀಲೆ ಕೊಡಲಿ ಎಂದಳು, ಸರಿ. ಆದರೆ ತೆಗೆದುಕೊಳ್ಳುವವರಿಗೆ ನಾನು ಏನು ಹೇಳಲಿ? ಹೇಳಿದರೆ ಯಾರೂ ಒಯ್ಯುವುದಿಲ್ಲ. ಹೇಳದಿದ್ದರೆ, ಆ ಕೂಸು ಇದ್ದೇ ಇರಲಿಲ್ಲ ಎಂದ ಹಾಗೆ. ಇದನ್ನೇ ಯೋಚಿಸುತ್ತಾ ಸಂಜೆ ಮನೆಯ ಕಟ್ಟೆಯ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದೆ. ಪಕ್ಕದ ಮನೆಯ ಸುಜಾತ ತೆಲುಗಿನವಳು, ನನ್ನನ್ನು ವದಿನಾ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಾಳೆ. ಒಣಗಿದ ಬಟ್ಟೆ ಹೆಗಲಿಗೆ ಹಾಕಿಕೊಳ್ಳುತ್ತಾ ಕಾಂಪೌಂಡಿನ ಆಚೆಯಿಂದಲೇ ಕೂಗಿದಳು:

“ವದಿನಾ, ಆ ಗಿಣಿ ತೊಟ್ಲಾ ವಾಪಸ್ ಬಂತಂತಲ್ಲ? ನಮ್ಮ ಸೊಸಿಗೆ ಏಳನೇ ತಿಂಗಳು ನಡದೈತಿ, ನಮಗೇ ಇಟ್ಟಿರ್ರಿ ಮತ್ತ. ಅಷ್ಟೊತ್ತಿಗೆ ಒಂದೀಟು ಬಣ್ಣ ಹೊಡಸ್ರಿ, ಪೂರ್ತಿ ಹಳೇದು ಕಾಣ್ತೈತಿ.”