ಬಡಿದು ನೋಡುವ ಬೆರಳು

ಮೇಸ್ತ್ರಿಯ ಬಲಗೈ ನಡುಬೆರಳಿನ ಗಂಟಿನ ಮೇಲೆ ಚರ್ಮ ಗೇರುಬೀಜದ ಹಾಗೆ ಗಟ್ಟಿಕಟ್ಟಿತ್ತು. ಸಿಮೆಂಟಿನ ಸಾರಣೆ ಒಣಗಿದ ಗೋಡೆಗೆ ಆ ಗಂಟಿನಿಂದ ಟಕಟಕ ಬಡಿದು, ಕಿವಿ ಕೊಟ್ಟು, ಒಳಗೆ ಪೊಳ್ಳು ಉಂಟೋ ಇಲ್ಲವೋ ಎಂದು ಹೇಳುವುದು ಅವರ ಕ್ರಮ. ಎಡಕೆನ್ನೆ ಯಾವಾಗಲೂ ಉಬ್ಬಿಯೇ ಇರುತ್ತಿತ್ತು. ಅಲ್ಲಿ ಎಲೆಯಡಿಕೆ ಮತ್ತು ಹೊಗೆಸೊಪ್ಪು. ಒಂದು ಉಂಡೆ ಉಗಿದರೆ ಇನ್ನೊಂದು ಅದೇ ಜಾಗಕ್ಕೆ ಹೋಗುತ್ತಿತ್ತು. ಕೆನ್ನೆ ಖಾಲಿ ಇದ್ದದ್ದನ್ನು ನಾನು ನೋಡಿದ್ದು ಅವರು ಇಗರ್ಜಿಗೆ ಹೋಗುವ ಭಾನುವಾರ ಬೆಳಿಗ್ಗೆ ಮಾತ್ರ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ಅದಕ್ಕೆ ನನಗೆ ನಾಚಿಕೆ ಇಲ್ಲ. ಮುಳ್ಳೇರಿಯದಿಂದ ಪೆರ್ಲದವರೆಗೆ ನಾನು ಸಾರಣೆ ಮಾಡಿದ ಗೋಡೆಗಳು ನಿಂತಿವೆ, ಯಾರು ಬೇಕಾದರೂ ಹೋಗಿ ಬಡಿದು ನೋಡಲಿ. ಆ ಕೆಲಸ ಕಲಿಸಿದವರು ಈ ಮೇಸ್ತ್ರಿ. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ, ಸಿಟ್ಟು ಬಂದರೆ ತುಳು. ಅವರಿಂದ ತುಳುವಿನಲ್ಲಿ ಬೈಸಿಕೊಳ್ಳದೆ ಯಾರೂ ಕರಣೆ ಹಿಡಿಯಲು ಕಲಿಯಲಿಲ್ಲ.

ಪೆರ್ಲದಲ್ಲಿ ಒಬ್ಬ ಅಡಿಕೆ ತೋಟದ ಧನಿಯ ಮನೆಗೆ ಕೆಲಸ ಮಾಡುತ್ತಿದ್ದೆವು. ಪಡುದಿಕ್ಕಿನ ಹೊರಗೋಡೆಯ ಸಾರಣೆ ನನ್ನದು. ಮೇಸ್ತ್ರಿ ಬಡಿಯುತ್ತಾ ಬಂದರು. ಕಿಟಕಿಯ ಬದಿಯಲ್ಲಿ ಸದ್ದು ಬೇರೆಯಾಯಿತು.

"ಒಡಿ," ಎಂದರು.

"ಒಂದು ಅಂಗೈ ಅಗಲ ಅಲ್ವಾ ಮೇಸ್ತ್ರಿ. ಮೇಲಿಂದ ಸ್ವಲ್ಪ ಸಿಮೆಂಟು ಎಳೆದರೆ ಎಂತ?"

"ಮೇಲಿಂದ ಮೆತ್ತಿದರೆ ಒಳಗಿನ ರೋಗ ಹೋಗ್ತದಾ? ಗೋಡೆಗೆ ಬಲ ಕೆಂಪುಕಲ್ಲು, ಒಪ್ಪಿದೆ. ಆದರೆ ಮಳೆಯನ್ನು ಹೊರಗೆ ನಿಲ್ಲಿಸುವುದು ಈ ಬೆರಳು ದಪ್ಪದ ಸಾರಣೆ ಮಾರಾಯ. ಕಲ್ಲು ಕಾಣುವವರೆಗೆ ಒಡಿ."

ಒಡೆದೆ. ಪೊಳ್ಳು ಅಂಗೈ ಅಗಲದ್ದಲ್ಲ, ಕಿಟಕಿಯ ಕೆಳಗಿನವರೆಗೂ ಹೋಗಿತ್ತು. ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ ಧನಿ ನಕ್ಕು, "ನಿಮ್ಮ ಮೇಸ್ತ್ರಿಯ ಬೆರಳಿಗೆ ಕಣ್ಣು ಉಂಟು" ಎಂದರು. ಆ ಬೆರಳಿಗೆ ಕಣ್ಣು ಇದ್ದದ್ದು ಊರವರ ಗೋಡೆಗೆ ಮಾತ್ರ. ನನ್ನ ಸಿಟ್ಟು ಇರುವುದು ಅಲ್ಲಿಯೇ.

ಗಂಜಿಗೆ ಉಪ್ಪಿನಕಾಯಿ ನೆಂಚಿಕೊಳ್ಳುವುದನ್ನು ಅವರು ಯಾವಾಗ ಬಿಟ್ಟರೋ ನಾವು ಗಮನಿಸಲಿಲ್ಲ. ಬಾಯಿ ಉರಿಯುತ್ತದೆ ಎನ್ನುತ್ತಿದ್ದರು. ಒಂದು ಕ್ರಿಸ್ಮಸ್ಸಿಗೆ ಅವರ ಮನೆಗೆ ಹೋದಾಗ ನಮಗೆಲ್ಲ ಕುಸ್ವಾರದ ತಿಂಡಿ ಕೊಟ್ಟು, ತಾವು ಅದನ್ನು ಚಹಾದಲ್ಲಿ ನೆನೆಸಿ ನೆನೆಸಿ ತಿಂದರು. ಅವರ ಹೆಂಡತಿ, ನಾವು ಅಕ್ಕ ಎನ್ನುತ್ತಿದ್ದವರು, ನನ್ನನ್ನು ಅಡಿಗೆಮನೆಗೆ ಕರೆದರು. "ಕೆನ್ನೆಯ ಒಳಗೆ ಬೆಳ್ಳಗೆ ಆಗಿದೆ. ಕೇಳಿದರೆ ಸುಣ್ಣ ಹೆಚ್ಚಾಗಿ ಸುಟ್ಟದ್ದು ಅಂತಾರೆ. ನೀನಾದರೂ ಹೇಳು."

ಹಲ್ಲುನೋವಿನ ನೆಪ ಹೇಳಿ ಮುಳ್ಳೇರಿಯದ ಹಲ್ಲಿನ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟ್ರು ಪ್ರಾಯದ ಹುಡುಗಿ. ಮೂರು ಬೆರಳು ಒಟ್ಟಿಗೆ ಬಾಯಿಗೆ ಹಾಕಿ ತೋರಿಸಿ ಎಂದರು. ಎರಡೂ ಸರಿಯಾಗಿ ಹೋಗಲಿಲ್ಲ. ಆ ಗಟ್ಟಿ ಗಂಟಿನ ಬೆರಳು ಹಲ್ಲಿಗೆ ತಾಗಿ ನಿಂತಿತು.

"ಸುಣ್ಣ ಸುಟ್ಟದ್ದು," ಎಂದರು ಮೇಸ್ತ್ರಿ.

"ಸುಟ್ಟದ್ದಾದರೆ ಎರಡು ವಾರದಲ್ಲಿ ಹೊಸ ಪದರ ಬರಬೇಕಿತ್ತು ಅಂಕಲ್. ನಮ್ಮ ಮೈ ಹೊರಗೂ ಒಳಗೂ ಒಂದು ಹೊದಿಕೆ ಉಂಟು, ಎಪಿಥೀಲಿಯಂ ಅಂತ ಹೇಳ್ತೇವೆ. ಚರ್ಮದ ಮೇಲ್ಪದರವೂ ಅದೇ, ಬಾಯಿಯ ಒಳಗಿನದ್ದೂ ಅದೇ, ಕರುಳಿನದ್ದೂ ಅದೇ. ಹೊರಗಿನ ಪೆಟ್ಟು ಮೊದಲು ತಿನ್ನುವುದು ಅದು. ತಿಕ್ಕಿದರೆ ದಪ್ಪ ಆಗ್ತದೆ, ನಿಮ್ಮ ಬೆರಳಿನಲ್ಲಿ ಆದ ಹಾಗೆ. ಆದರೆ ಅಡಿಕೆ, ಹೊಗೆಸೊಪ್ಪು ದಿನವೂ ಕೂತ ಕಡೆ ಅದು ಕೆಡಲಿಕ್ಕೂ ಶುರು ಮಾಡ್ತದೆ. ಹೊದಿಕೆಯ ಅಡಿಯಲ್ಲಿ ಒಂದು ತೆಳು ಪರದೆ ಉಂಟು. ಕೆಟ್ಟದ್ದು ಅದನ್ನು ದಾಟುವ ಮೊದಲು ತೆಗೆದರೆ ಬಚಾವ್. ದಾಟಿದರೆ ಕಷ್ಟ. ಒಂದು ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸುವ."

ಇದಕ್ಕಿಂತ ಬಿಡಿಸಿ ಯಾರು ಹೇಳುತ್ತಾರೆ? ಏಳನೇ ಕ್ಲಾಸಿನ ನನಗೆ ಅರ್ಥವಾಯಿತು. ಮೇಸ್ತ್ರಿ "ನೋಡುವ" ಎಂದು ಎದ್ದರು. ಹೊರಗೆ ಬಂದು ಬೈಕ್ ಹತ್ತುವ ಮೊದಲು ಸೊಂಟದಿಂದ ಎಲೆಯ ಪೊಟ್ಟಣ ತೆಗೆದರು.

ಮರುದಿನ ಪೆರ್ಲದ ಧನಿಯ ಜಗಲಿಯಲ್ಲಿ ಈ ವಿಷಯ ಬಂತು. ಧನಿ ಅಡಕತ್ತರಿ ಕೆಳಗಿಟ್ಟರು. "ಅಡಿಕೆಯಿಂದ ರೋಗವಾ? ನಮ್ಮ ಅಜ್ಜ ಸಾಯುವ ದಿನವೂ ತಿಂದಿದ್ದಾರೆ. ಮೇಸ್ತ್ರಿ, ಒಂದು ಮಾತು ಹೇಳ್ತೇನೆ, ಅಂಥದ್ದಕ್ಕೆ ಕತ್ತಿ ಮುಟ್ಟಿಸಬೇಡಿ. ಮುಟ್ಟಿಸಿದರೆ ಹಬ್ಬುತ್ತದೆ. ಸುಳ್ಯದ ಕಡೆ ಒಬ್ಬರು ಬೇರು ಕೊಡ್ತಾರೆ." ಹೇಳುತ್ತಾ ಎಲೆಯಡಿಕೆಯ ಹರಿವಾಣವನ್ನು ಮೇಸ್ತ್ರಿಯ ಕಡೆಗೆ ತಳ್ಳಿದರು. ಆ ಹರಿವಾಣ ಈಗಲೂ ನನ್ನ ಕಣ್ಣಿನಲ್ಲಿದೆ. ತೋಟ ಅವರದು, ಅಡಿಕೆ ಅವರದು, ಕೆನ್ನೆ ನಮ್ಮ ಮೇಸ್ತ್ರಿಯದು.

ಬೇರು ಬಂತು. ಜೇನು, ಅರಸಿನ ಬಂತು. ತುಂಡು ತೆಗೆಸಲು ಮಾತ್ರ ಹೋಗಲಿಲ್ಲ. ದೇಲಂಪಾಡಿಯಲ್ಲಿ ಕೆಲಸ ಮಾಡುವಾಗ ಒಂದು ದಿನ ನನಗೆ ತಡೆಯಲಿಲ್ಲ. "ಮೇಲಿಂದ ಮೆತ್ತಿದರೆ ಒಳಗಿನ ರೋಗ ಹೋಗ್ತದಾ ಮೇಸ್ತ್ರಿ? ಯಾರು ಹೇಳಿದ ಮಾತು ಇದು?"

ಕೆಲಸದವರೆಲ್ಲ ಕೈ ನಿಲ್ಲಿಸಿದರು. ಮೇಸ್ತ್ರಿ ನನ್ನ ಮುಖ ನೋಡಿದರು. "ನೀನು ಎಂತ, ಡಾಕ್ಟ್ರನಾ? ಗೋಡೆ ನೋಡು." ಆಮೇಲೆ ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ, "ತುಂಡು ತೆಗೆದು ಅದೇ ಅಂತ ಹೇಳಿದರೆ ನಾನು ಎಲ್ಲಿಗೆ ಹೋಗುವುದು?"

ಹೆದರಿಕೆ ಅದು. ಊರೆಲ್ಲ ಧೈರ್ಯ ಎಂದುಕೊಂಡದ್ದು ಬರೀ ಹೆದರಿಕೆ. ಪೊಳ್ಳು ಇದೆ ಎಂದು ಗೊತ್ತಿದ್ದವನೇ ಬಡಿದು ನೋಡಲು ಹೆದರುತ್ತಾನೆ.

ಮುಂದಿನ ಮಳೆಗಾಲಕ್ಕೆ ಕಿವಿನೋವು, ಕುತ್ತಿಗೆಯಲ್ಲಿ ಗಡ್ಡೆ. ಮಂಗಳೂರಿನ ಆಸ್ಪತ್ರೆಯಲ್ಲಿ ಕೆನ್ನೆ, ಅರ್ಧ ದವಡೆ ತೆಗೆದರು. ಎದೆಯ ಚರ್ಮ ತಂದು ಕೆನ್ನೆಯ ಒಳಗೆ ಹೊಲಿದರು. ಎದೆಯದ್ದಲ್ಲವೇ, ಅದರಲ್ಲಿ ರೋಮ ಬೆಳೆಯಿತು, ಬಾಯಿಯ ಒಳಗೆ. ನೋಡಲು ಹೋದ ದಿನ ಅರ್ಧ ದವಡೆಯ ತೊದಲು ಮಾತಿನಲ್ಲಿ ಅವರು ಹೇಳಿದ್ದು ಎರಡು ಸಲ ಕೇಳಿದ ಮೇಲೆ ತಿಳಿಯಿತು. "ಪ್ಯಾಚ್ ಕೆಲಸ ಮಾಡಿದ್ದಾರೆ ಮಾರಾಯ. ನಿಲ್ಲುವುದಿಲ್ಲ." ನನಗೆ ನಗು ಬರಲಿಲ್ಲ. ಜೀವಮಾನದಲ್ಲಿ ಒಂದು ಪ್ಯಾಚ್ ಕೆಲಸಕ್ಕೂ ಒಪ್ಪದ ಮನುಷ್ಯ.

ನಿಲ್ಲಲಿಲ್ಲ. ಮಣ್ಣು ಮಾಡುವ ದಿನ ಇಗರ್ಜಿಯ ಅಂಗಳದಲ್ಲಿ ಜನ ದೇವರ ಇಚ್ಛೆ ಎಂದರು. ದೇವರನ್ನು ಯಾಕೆ ಎಳೆಯುತ್ತೀರಿ ಎಂದು ಕೇಳಿದೆ. ಧನಿಯೂ ಬಂದಿದ್ದರು. ಗೇಟಿನ ಹತ್ತಿರ ತಿರುಗಿ ಕೆಂಪಗೆ ಉಗಿದು, ಬಾಯಿ ಒರೆಸಿ, ಒಳ್ಳೆಯ ಮನುಷ್ಯ ಎಂದರು.

ಸಮಾಧಿಯ ಸಾರಣೆ ನಾನೇ ಮಾಡಿದೆ, ಬೇರೆಯವರಿಗೆ ಕೊಡಲಿಲ್ಲ. ಒಣಗಿದ ಮೇಲೆ ಬಡಿದು ನೋಡಿದೆ. ಕಾಲಿನ ಬದಿಯಲ್ಲಿ ಒಂದು ಕಡೆ ಪೊಳ್ಳು. ಜೊತೆಯಲ್ಲಿದ್ದ ಕೆಲಸದವ, "ಸತ್ತವರಿಗೆ ಎಂತ ಮಳೆ? ಮೇಲಿಂದ ಒಂದು ಕೈ ಎಳೆಯಿರಿ" ಎಂದ.

ಸುತ್ತಿಗೆ ತೆಗೆದುಕೊಂಡು ಒಡೆದೆ, ಕಲ್ಲು ಕಾಣುವವರೆಗೆ. ಅಷ್ಟು ಜೋರಾಗಿ ಬಡಿಯಬೇಕಾಗಿರಲಿಲ್ಲ. ಮೇಸ್ತ್ರಿಗೆ ಕೇಳಲಿ ಎಂದೇ ಬಡಿದೆ.